ಒಂದು ವೈದ್ಯಕೀಯ ಜರ್ನಲ್‌ನ ಲೆಕ್ಕ ಹಾಕುತ್ತಾ

ಒಂದು ವೈದ್ಯಕೀಯ ಜರ್ನಲ್‌ನಲ್ಲಿ ಬಂದ ಲೇಖನಗಳನ್ನೆಲ್ಲ ಎಣಿಸುವ ಕೆಲಸದಲ್ಲಿ ಮುಳುಗಿದ್ದೇನೆ. ಯಾರು ಬರೆದರು, ಯಾವ ದೇಶದಿಂದ, ಎಷ್ಟು ಜನ ಸೇರಿ, ಆಮೇಲೆ ಎಷ್ಟು ಮಂದಿ ಅದನ್ನು ಉಲ್ಲೇಖಿಸಿದರು. ಇದಕ್ಕೆ ಬಿಬ್ಲಿಯೋಮೆಟ್ರಿಕ್ಸ್ ಅಂತಾರೆ. ಆಲ್ಫ್ರೆಡ್ ಲೋಟ್ಕಾ ಎಂಬ ಗಣಿತಜ್ಞ 1926ರಲ್ಲಿ ಹೇಳಿದ್ದು ಇಲ್ಲೂ ಕಾಣುತ್ತಿದೆ: ಹೆಚ್ಚಿನವರದು ಒಂದೇ ಲೇಖನ, ಮತ್ತೆ ಮತ್ತೆ ಬರೆಯುವವರು ಕೆಲವೇ ಜನ.

ನನ್ನನ್ನು ಕಾಡುತ್ತಿರುವುದು ಉಲ್ಲೇಖಗಳ ಲೆಕ್ಕ. ಜರ್ನಲ್‌ನ ಪ್ರಭಾವ ಅಳೆಯಲು ಬಳಸುವ ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಹಿಂದಿನ 2 ವರ್ಷಗಳ ಲೇಖನಗಳಿಗೆ ಈ ವರ್ಷ ಸಿಕ್ಕ ಉಲ್ಲೇಖಗಳ ಸರಾಸರಿ, ಅಷ್ಟೇ. ನಾಲ್ಕಾರು ಲೇಖನಗಳೇ ಅದನ್ನು ಮೇಲೆತ್ತಿಬಿಡಬಹುದು. ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳುವ ರಿವ್ಯೂ ಲೇಖನಗಳಿಗೆ ಸಾಮಾನ್ಯವಾಗಿ ಉಲ್ಲೇಖ ಜಾಸ್ತಿ. ಒಬ್ಬ ರೋಗಿಯ ವಿವರ ಹೇಳುವ ಕೇಸ್ ರಿಪೋರ್ಟ್‌ಗೆ ಕಡಿಮೆ. ಆದರೆ ಅಪರೂಪದ ಕಾಯಿಲೆ ಎದುರಾದಾಗ ವೈದ್ಯರು ಹುಡುಕುವುದು ಅದನ್ನೇ ಅಲ್ವಾ? ಓದಿ, ಚಿಕಿತ್ಸೆ ಕೊಟ್ಟು, ಏನನ್ನೂ ಬರೆಯದವರ ಓದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಇನ್ನೊಂದು ವಿಷಯ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇರಬಹುದೆಂದು ಸೂಚಿಸಿದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನ 1998ರ ಲೇಖನವನ್ನು 2010ರಲ್ಲಿ ಹಿಂತೆಗೆದುಕೊಂಡರು. ಅದಕ್ಕೂ ಸಾವಿರಕ್ಕಿಂತ ಹೆಚ್ಚು ಉಲ್ಲೇಖಗಳಿವೆ! ತಪ್ಪೆಂದು ತೋರಿಸಲು ಬರೆದವರೂ ಅದರಲ್ಲಿದ್ದಾರೆ. ಸುಮ್ನೆ ಎಣಿಸಿದರೆ ಇದು ಗೊತ್ತಾಗುವುದಿಲ್ಲ. ಹಾಗಾಗಿ ಹೆಚ್ಚು ಉಲ್ಲೇಖ ಸಿಕ್ಕ ಲೇಖನಗಳನ್ನು ಒಂದೊಂದಾಗಿ ತೆರೆದು, ಯಾಕೆ ಉಲ್ಲೇಖಿಸಿದ್ದಾರೆ ಅಂತ ಓದುತ್ತಿದ್ದೇನೆ.