ಇಂಟೆಲ್ ಇರಲಿ, ಎಎಮ್‌ಡಿ ಇರಲಿ, ಮೊದಲು ಯುಎಸ್‌ಬಿಗೆ ಏನು ಚುಚ್ಚುತ್ತೀರಿ ಹೇಳಿ

"ಇಂಟೆಲ್ ತಗೊಳ್ಳೋದಾ, ಎಎಮ್‌ಡಿನಾ? ಎರಡೂ ಬೆರಕೆ ಮಾಡಿದ್ರೆ ಮುಂದೆ ತಲೆನೋವು ಆಗಲ್ವಾ?"

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನೂರಿಪ್ಪತ್ತು ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಅಕ್ಕಪಕ್ಕದ ಶೆಡ್ಡಿನವರೆಲ್ಲ ಕೇಳುವ ಪ್ರಶ್ನೆ ಇದು. ಒಮ್ಮೆ ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದರು, ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ.

ಇಂಟೆಲ್, ಎಎಮ್‌ಡಿ ಎರಡೂ ಕಂಪ್ಯೂಟರಿನ ಮುಖ್ಯ ಚಿಪ್, ಅಂದರೆ ಪ್ರೊಸೆಸರ್ ಮಾಡುವ ಕಂಪನಿಗಳು. ಆ ಎರಡರ ಮಟ್ಟಿಗೆ ನನ್ನ ಉತ್ತರ ಚಿಕ್ಕದು. ಯಾವುದು ಒಳ್ಳೆ ದರಕ್ಕೆ, ಮನೆಬಾಗಿಲ ವಾರಂಟಿಯೊಂದಿಗೆ ಸಿಗುತ್ತದೋ ಅದನ್ನು ತಗೊಳ್ಳಿ. ಎರಡರ ಚಿಪ್ಪಿಗೂ ಅರ್ಥವಾಗುವ ಆಜ್ಞೆಗಳ ಭಾಷೆ ಒಂದೇ. ಇವತ್ತು ಇವೆರಡೂ ಬಳಸುವ, ಎಕ್ಸ್64 ಎನ್ನುವ ಈ 64 ಬಿಟ್ ಪದ್ಧತಿಯನ್ನು 2003ರಲ್ಲಿ ಮಾರುಕಟ್ಟೆಗೆ ತಂದದ್ದೇ ಎಎಮ್‌ಡಿ, ಇಂಟೆಲ್ ಆಮೇಲೆ ಅದೇ ದಾರಿ ಹಿಡಿಯಿತು. ಒಂದೇ ವಿಂಡೋಸ್ ಇಮೇಜ್ (ಎಲ್ಲ ಯಂತ್ರಗಳಿಗೂ ಹಾಕಲು ಇಟ್ಟುಕೊಂಡ ಸಿದ್ಧ ಪ್ರತಿ) ಎರಡರಲ್ಲೂ ಕೂರುತ್ತದೆ. ಸರ್ವರ್ ಮಾತ್ರ ಜೋಡಿಯಾಗಿ ಒಂದೇ ಜಾತಿಯದ್ದಿರಲಿ. ಒಂದು ಇಂಟೆಲ್, ಒಂದು ಎಎಮ್‌ಡಿ ಇಟ್ಟರೆ ಓಡುತ್ತಿರುವ ವರ್ಚುವಲ್ ಮಷಿನ್ನನ್ನು (ಸರ್ವರಿನೊಳಗೆ ತಂತ್ರಾಂಶದಿಂದಲೇ ಮಾಡಿದ ಕಂಪ್ಯೂಟರನ್ನು) ಆಫ್ ಮಾಡದೆ ಅದರಿಂದ ಇದಕ್ಕೆ ದಾಟಿಸಲು ಆಗುವುದಿಲ್ಲ.

ಕಂಪನಿಯ ಹೆಸರಿಗಿಂತ ತಲೆಮಾರು ನೋಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಸ್ಥೂಲವಾಗಿ ಇಂಟೆಲ್ ಎಂಟನೇ ತಲೆಮಾರು ಅಥವಾ ರೈಜೆನ್ 2000 ಸರಣಿ, ಅಲ್ಲಿಂದ ಮುಂದಿನವು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಇಂಟೆಲ್ ಐ7 ಸ್ಟಿಕ್ಕರ್ ನೋಡಿ ಮರುಳಾಗಬೇಡಿ, ಆರನೇ ತಲೆಮಾರಿನ ಐ7 ಕೂಡ ಐ7ನೇ.

ನಿಜವಾದ ಬೆರಕೆ ಶುರುವಾಗುವುದು ಆರ್ಮ್ ಪ್ರೊಸೆಸರ್ ಒಳಗೆ ಬಂದಾಗ. ಮೊಬೈಲ್‌ಗಳಲ್ಲಿರುವ ಜಾತಿಯದು, ಅದರ ಭಾಷೆಯೇ ಬೇರೆ. ಅದಿರುವ ಲ್ಯಾಪ್‌ಟಾಪ್ ಹಗುರ, ಬಿಸಿಯಾಗುವುದು ಕಡಿಮೆ, ಚಾರ್ಜರ್ ಮನೆಯಲ್ಲೇ ಬಿಟ್ಟು ಬರಬಹುದು. ನಾನೂ ಅದಕ್ಕೇ ಸೋತೆ. ಅಂಥದ್ದೊಂದು ಲ್ಯಾಪ್‌ಟಾಪನ್ನು ಅಕೌಂಟ್ಸ್ ವಿಭಾಗಕ್ಕೆ ಕೊಟ್ಟೆ. ಬಿಲ್ಲಿಂಗ್ ತಂತ್ರಾಂಶ ತೆರೆಯಿತು, ಎಕ್ಸೆಲ್ ಓಡಿತು, ಎಲ್ಲರಿಗೂ ಖುಷಿ. 20ನೇ ತಾರೀಖು ಬಂತು, ಜಿಎಸ್‌ಟಿಯ ತಿಂಗಳ ರಿಟರ್ನ್ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ. ಸಂಜೆ ಆರಕ್ಕೆ ಮೇಡಂ ಫೋನ್: "ಏನ್ರೀ ಇದು, ಡಿಎಸ್‌ಸಿ ಲೈಟ್ ಮಿಣುಕ್ತಾ ಇದೆ, ಸರ್ಟಿಫಿಕೇಟೇ ತೋರಿಸ್ತಿಲ್ಲ!" ಡಿಎಸ್‌ಸಿ ಅಂದರೆ ಡಿಜಿಟಲ್ ಸಹಿ, ಅದಿರುವುದು ಯುಎಸ್‌ಬಿಗೆ ಚುಚ್ಚುವ ಟೋಕನ್ನಿನಲ್ಲಿ. ಹೋಗಿ ನೋಡಿದರೆ ಟೋಕನ್ನಿನ ಡ್ರೈವರ್ (ಅದನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶ) ಇನ್‌ಸ್ಟಾಲ್ ಆಗಲು ಒಪ್ಪುತ್ತಲೇ ಇಲ್ಲ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಹೋಗಲಿ ಅನ್ನಬಹುದು. ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ, ಅದಕ್ಕೆ ಹಾಗೆನ್ನಲಾಗದು. ಕೊನೆಗೆ ಸ್ಟೋರ್ಸಿನ ಹಳೇ ಡೆಸ್ಕ್‌ಟಾಪಿನ ಧೂಳು ಒರೆಸಿ, ಅದರಲ್ಲಿ ಸಹಿ ಹಾಕಿಸಿದಾಗ ಒಂಬತ್ತೂವರೆ.

ತಪ್ಪು ನನ್ನದೇ. ವಿಂಡೋಸ್ 11 ಆರ್ಮ್ ಮೇಲೆ ಇಂಟೆಲ್ಲಿಗೆಂದು ಬರೆದ ಪ್ರೋಗ್ರಾಮುಗಳನ್ನು ಓಡುತ್ತಿರುವಾಗಲೇ ತರ್ಜುಮೆ ಮಾಡಿಕೊಳ್ಳುತ್ತದೆ, ಬಹುಪಾಲು ಚೆನ್ನಾಗಿಯೇ. ಡ್ರೈವರಿಗೆ ಆ ಅನುಕೂಲವಿಲ್ಲ. ವಿಂಡೋಸಿನ ತಿರುಳಾದ ಕರ್ನೆಲ್ ಒಳಗೆ ಕೂರುವ ಡ್ರೈವರ್ ಆರ್ಮ್‌ಗೆಂದೇ ತಯಾರಾಗಿರಬೇಕು. ದುಭಾಷಿ ಪಡಸಾಲೆಯವರೆಗೆ ಬರಬಹುದು, ಅಡುಗೆಮನೆಗೆ ಪ್ರವೇಶವಿಲ್ಲ. ಲೇಬಲ್ ಪ್ರಿಂಟರ್, ಡಾಂಗಲ್, ಹಳೇ ಸ್ಕ್ಯಾನರ್, ಕೆಲವು ವಿಪಿಎನ್‌ಗಳು ಕೈಕೊಡುವುದು ಇಲ್ಲೇ.

ಅದಾದ ಮೇಲೆ ಆಸ್ತಿ ರಿಜಿಸ್ಟರಿನಲ್ಲಿ ಎರಡು ಕಾಲಂ ಸೇರಿಸಿದೆ. ಒಂದು 'ಸಿಸ್ಟಮ್ ಟೈಪ್'. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಬೌಟ್‌ಗೆ ಹೋದರೆ ಎಕ್ಸ್64ಓ ಆರ್ಮೋ ಅಲ್ಲೇ ಬರೆದಿರುತ್ತದೆ. ಇನ್ನೊಂದು, ಆ ಮೇಜಿನಲ್ಲಿ ಕಂಪ್ಯೂಟರಿಗೆ ಏನೇನು ಚುಚ್ಚುತ್ತಾರೆ ಅನ್ನುವುದು. ಎರಡನೆಯದನ್ನು ಕೂತಲ್ಲಿಂದ ತುಂಬಲಾಗದು, ಮೇಜಿನಡಿ ಬಗ್ಗಿಯೇ ನೋಡಬೇಕು. ಇನ್‌ಸ್ಟಾಲರುಗಳಿಗೂ ಈಗ ಎರಡು ಫೋಲ್ಡರ್, ಇಮೇಜೂ ಎರಡು. ಕೆಲಸ ಹೆಚ್ಚಿತು ನಿಜ. ನಾಲ್ಕೈದು ಆರ್ಮ್ ಯಂತ್ರಗಳಿಗೋಸ್ಕರ ಇಷ್ಟು ಬೇಕಾ ಎಂದು ಮಾಲೀಕರು ಕೇಳಿದರೆ, ಬೇಡ ಎಂದೇ ನಾನು ಹೇಳುವುದು. ಇಪ್ಪತ್ತು ದಾಟಿದರೆ ಲೆಕ್ಕ ಬೇರೆ.

ಡಿಸೈನ್‌ನವರ ಮ್ಯಾಕ್‌ಗಳದ್ದು ತಿರುವುಮುರುವು. ಅಲ್ಲಿ 2020ರಿಂದ ಆರ್ಮ್ ಕಡೆಗೇ ಹೊರಳಿದ್ದು, ಹೊರಡಬೇಕಾದದ್ದು ಇಂಟೆಲ್. ಮ್ಯಾಕ್ಓಎಸ್ 26 ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಎಂದು ಆಪಲ್ 2025ರಲ್ಲೇ ಹೇಳಿದೆ, ಹಾಗಾಗಿ ಮುಂದಿನ ಬಜೆಟ್ಟಿನಲ್ಲಿ ಮೊದಲ ಸರದಿ ಅವಕ್ಕೆ.

ಆ ಆರ್ಮ್ ಲ್ಯಾಪ್‌ಟಾಪ್ ಈಗ ಸೇಲ್ಸ್ ಹುಡುಗನ ಬ್ಯಾಗಿನಲ್ಲಿ ಹುಬ್ಬಳ್ಳಿ-ಬೆಳಗಾವಿ ತಿರುಗುತ್ತಿದೆ. ಅವನಿಗೆ ಬೇಕಾದದ್ದು ಮೇಲ್, ಬ್ರೌಸರ್, ಎಕ್ಸೆಲ್. ಸ್ಟೋರ್ಸಿನ ಹಳೇ ಡೆಸ್ಕ್‌ಟಾಪಿನ ಮೇಲೆ ಮೇಡಂ ಒಂದು ಚೀಟಿ ಅಂಟಿಸಿದ್ದಾರೆ: "ಇದನ್ನು ಯಾರೂ ಗುಜರಿಗೆ ಹಾಕಬಾರದು."