ಸಕ್ಕರೆಯ ಅಂಕಿ ವೈದ್ಯರಿಗೆ ತಲುಪಿದ ಮೇಲೆ

ಮಧುಮೇಹ ಇರುವವರು ಮನೆಯಲ್ಲೇ ಬೆರಳು ಚುಚ್ಚಿ ನೋಡಿಕೊಂಡ ರಕ್ತದ ಸಕ್ಕರೆಯ ಪ್ರಮಾಣವನ್ನು ಫೋನಿನಲ್ಲಿ ವೈದ್ಯರಿಗೆ ಕಳುಹಿಸುವುದು ಈಗ ತಾಲ್ಲೂಕು ಮಟ್ಟದ ಊರುಗಳಲ್ಲೂ ರೂಢಿಗೆ ಬರುತ್ತಿದೆ. ಮಲೆನಾಡಿನಲ್ಲಿ ವೈದ್ಯವೃತ್ತಿ ನಡೆಸುವ ನನಗೆ ಇದರ ಪ್ರಯೋಜನದ ಬಗ್ಗೆ ಸಂಶಯವಿಲ್ಲ. ಆದರೆ ಯಾವ ಯಂತ್ರ ಒಳ್ಳೆಯದು, ಯಾವ ಆ್ಯಪ್ ಹಾಕಿಕೊಳ್ಳಬೇಕು ಎಂಬ ಮಾತೇ ಎಲ್ಲೆಡೆ ಕೇಳಿಬರುತ್ತಿದ್ದು, ಹೀಗೆ ಬಂದ ಅಂಕಿಯನ್ನು ಯಾರು ನೋಡುತ್ತಾರೆ, ಯಾವಾಗ ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಎಂದು ಕೇಳುವವರು ಕಡಿಮೆ. ಚಿಕಿತ್ಸೆಯ ಫಲ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ.

ಈ ವಿಷಯದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2000ನೇ ಇಸವಿಯಲ್ಲಿ ಆರಂಭವಾದ ಐಡಿಯಾಟೆಲ್ ಅಧ್ಯಯನ. ಕೊಲಂಬಿಯಾ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಡೆದ ಈ ಅಧ್ಯಯನಕ್ಕೆ, ನ್ಯೂಯಾರ್ಕ್ ನಗರದಿಂದಲೂ ರಾಜ್ಯದ ಉತ್ತರ ಭಾಗದ ಹಳ್ಳಿಗಾಡಿನಿಂದಲೂ, ವೈದ್ಯಕೀಯ ಸೌಲಭ್ಯ ಸಾಲದ ಪ್ರದೇಶಗಳ 1,665 ಮಂದಿ ಹಿರಿಯ ಮಧುಮೇಹಿಗಳನ್ನು ಸೇರಿಸಿಕೊಂಡಿದ್ದರು. ಅವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಗೆ ಸಕ್ಕರೆ ಮತ್ತು ರಕ್ತದೊತ್ತಡದ ಅಂಕಿ ಕಳುಹಿಸುವ, ವಿಡಿಯೊದಲ್ಲಿ ಮಾತನಾಡಿಸುವ ಯಂತ್ರ ಕೊಟ್ಟರು. ಯಂತ್ರದ ಆ ತುದಿಯಲ್ಲಿ ತರಬೇತಿ ಪಡೆದ ನರ್ಸ್‌ಗಳಿದ್ದರು. ಅಂಕಿ ನೋಡುವುದು, ರೋಗಿಯೊಂದಿಗೆ ಮಾತನಾಡುವುದು ಅವರ ಕೆಲಸವಾಗಿತ್ತು. ಐದು ವರ್ಷಗಳ ಕೊನೆಗೆ, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ, ಈ ಗುಂಪಿನಲ್ಲಿ ಇನ್ನೊಂದಕ್ಕಿಂತ 0.29 ಶೇಕಡಾ ಅಂಶದಷ್ಟು ಕಡಿಮೆಯಿತ್ತು. ರಕ್ತದೊತ್ತಡವೂ ಕೊಲೆಸ್ಟರಾಲೂ ಇಳಿದಿದ್ದವು. ಖರ್ಚು ಮಾತ್ರ ಉಳಿಯಲಿಲ್ಲ. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಮೀಕ್ಷೆಯಲ್ಲಿಯೂ ಇಳಿಕೆ ಸುಮಾರು 0.3ರಷ್ಟೇ. ಇದು ಪವಾಡವಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ: ಕಣ್ಣು ಮತ್ತು ಮೂತ್ರಪಿಂಡಕ್ಕೆ ಬರುವ ತೊಂದರೆಗಳು ಎಚ್‌ಬಿಎ1ಸಿ ಇಳಿದಂತೆಲ್ಲ ಕಡಿಮೆಯಾಗುತ್ತವೆ ಎಂಬುದನ್ನು ಬ್ರಿಟನ್ನಿನ ದೀರ್ಘ ಅಧ್ಯಯನವೊಂದು ಬಹು ಹಿಂದೆಯೇ ತೋರಿಸಿಕೊಟ್ಟಿದೆ.

ದೂರದಿಂದ ಗಮನಿಸುವುದರ ನಿಜವಾದ ಬೆಲೆ ಕಾಣುವುದು ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ. ರಾತ್ರಿ ಇನ್ಸುಲಿನ್ ಹಾಕಿಕೊಂಡು ಮಲಗುವ ಒಬ್ಬರ ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ ದಿನವೂ 190, 200 ಎಂದು ಬರುತ್ತಿದೆ ಎಂದಿಟ್ಟುಕೊಳ್ಳಿ. ಅದೊಂದೇ ಅಂಕಿಯನ್ನು ನೋಡಿದವರಿಗೆ ಇನ್ಸುಲಿನ್ ಏರಿಸಬೇಕೆಂದು ತೋರುವುದು ಸಹಜ. ಆದರೆ ಎರಡು ಮೂರು ರಾತ್ರಿ, ಮೂರು ಗಂಟೆಗೆ ಎದ್ದು ನೋಡಿ ಕಳುಹಿಸಲು ಹೇಳಿದಾಗ 62 ಎಂದು ಬಂದರೆ ಲೆಕ್ಕವೇ ತಿರುಗಿಬೀಳುತ್ತದೆ. ನಿದ್ದೆಯಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತಿರುವುದರಿಂದ ಇನ್ಸುಲಿನ್ ಇಳಿಸಬೇಕಾಗುತ್ತದೆ. ತಿಂಗಳಿಗೊಮ್ಮೆ ಬಸ್ಸು ಹಿಡಿದು ಬಂದು ಲ್ಯಾಬಿನಲ್ಲಿ ರಕ್ತ ಕೊಡುವವರಲ್ಲಿ ಇದು ಗೊತ್ತಾಗುವ ದಾರಿಯೇ ಇರಲಿಲ್ಲ. ಆದರೆ ಆ 62 ಬಂದ ದಿನವೇ ಯಾರಾದರೂ ನೋಡಿ ಫೋನ್ ಮಾಡಬೇಕು. ಭಾನುವಾರ ಬಂದ ಸಂದೇಶ ಗುರುವಾರದವರೆಗೆ ಓದದೆ ಬಿದ್ದಿದ್ದರೆ, ರೋಗಿ ಮಾತ್ರ ಡಾಕ್ಟರಿಗೆ ತಿಳಿಸಿದ್ದೇನೆ ಎಂಬ ನೆಮ್ಮದಿಯಲ್ಲಿ ಅದೇ ಪ್ರಮಾಣವನ್ನು ಮುಂದುವರಿಸುತ್ತಿರುತ್ತಾರೆ. ಹಾಗಾಗಿ 70ಕ್ಕಿಂತ ಕೆಳಗೆ ಬಂದರೆ ನಮ್ಮ ಉತ್ತರಕ್ಕೆ ಕಾಯದೆ ಕೂಡಲೇ ಮೂರು ಚಮಚ ಸಕ್ಕರೆ ತಿಂದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕೆಂದು ಮೊದಲ ದಿನವೇ ಮನೆಯವರ ಎದುರಿಗೆ ಹೇಳಿ, ಬರೆದೂ ಕೊಡುತ್ತೇನೆ.

ಅಂಕಿಯೇ ತಪ್ಪಿದ್ದರೆ ಇದೆಲ್ಲ ವ್ಯರ್ಥ. ಹಲಸಿನ ತೊಳೆ ಬಿಡಿಸಿದ ಕೈಯನ್ನು ನೀರಿನಲ್ಲಿ ತೊಳೆಯದೆ ಚುಚ್ಚಿಕೊಂಡರೆ ಯಂತ್ರ ಅಳೆಯುವುದು ಬೆರಳಿಗಂಟಿದ ಹಣ್ಣಿನ ಸಕ್ಕರೆಯನ್ನೂ ಸೇರಿಸಿ. ನಮ್ಮ ಕಡೆಯ ಆಷಾಢದ ಮಳೆಯಲ್ಲಿ, ರಕ್ತದ ಹನಿ ತಾಗಿಸುವ ಸ್ಟ್ರಿಪ್‌ನ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಥಂಡಿ ಹಿಡಿದ ಸ್ಟ್ರಿಪ್‌ಗಳನ್ನು ನಂಬುವಂತಿಲ್ಲ. ತೋಳಿಗೆ ಅಂಟಿಸುವ ಸೆನ್ಸರ್ ಕೂಡ, ಅದೇ ಮಗ್ಗುಲಿಗೆ ಒತ್ತಿ ಮಲಗಿದಾಗ ಇಲ್ಲದ ಇಳಿಕೆಯನ್ನು ತೋರಿಸುವುದುಂಟು. ಹಾಗೆಯೇ ಅಂಕಿಯ ಜೊತೆಗೆ ಊಟಕ್ಕೆ ಮುಂಚೆಯೋ, ಊಟವಾಗಿ ಎರಡು ಗಂಟೆಗೋ ಎಂಬುದು ಇಲ್ಲದಿದ್ದರೆ 170 ಎಂಬುದಕ್ಕೆ ಅರ್ಥವೇ ಇಲ್ಲ. ಬರಿಯ ಮಾತ್ರೆಯಲ್ಲಿ ಸಕ್ಕರೆ ಹತೋಟಿಯಲ್ಲಿರುವವರಿಗೆ ದಿನವೂ ಚುಚ್ಚಿಕೊಳ್ಳಬೇಡಿ ಎಂದೇ ನಾನು ಹೇಳುವುದು. ಸ್ಟ್ರಿಪ್‌ನ ಖರ್ಚು ಬಡ ಕುಟುಂಬಕ್ಕೆ ಸಣ್ಣದಲ್ಲ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟು ಜನರನ್ನು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರಿಸಿಯೇ ನೋಡುತ್ತೇವೆ ಎನ್ನುವುದು ಆಗದ ಮಾತು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ, ಫೋನು, ಸಂದೇಶ, ವಿಡಿಯೊ ಮೂರರ ಮೂಲಕವೂ ಸಲಹೆ ನೀಡಲು ವೈದ್ಯರಿಗೆ ಅವಕಾಶ ಕೊಟ್ಟಿದೆ, ದಾಖಲೆ ಇಡುವ ಹೊಣೆಯನ್ನೂ ಹೊರಿಸಿದೆ. ದಿನಕ್ಕೊಮ್ಮೆ ಅಂಕಿಗಳನ್ನು ಓದಿ, ಬೇಕಾದವರಿಗೆ ಅಂದೇ ಕರೆಮಾಡುವ ಒಬ್ಬ ನರ್ಸ್‌ಗೆ ಸಂಬಳ ಕೊಡುವ ವ್ಯವಸ್ಥೆಯನ್ನು ಸರ್ಕಾರವೂ ಖಾಸಗಿ ಆಸ್ಪತ್ರೆಗಳೂ ಮಾಡಿಕೊಳ್ಳಬೇಕು. ಹೊಸ ಆ್ಯಪ್‌ಗಿಂತ ಮೊದಲು ಬೇಕಾದದ್ದು ಅದು.

ಇಷ್ಟಾದರೂ ಕೆಲವು ಪರೀಕ್ಷೆಗಳು ಫೋನಿನಲ್ಲಿ ಸಾಗುವುದಿಲ್ಲ. ಪಾದದ ಹುಣ್ಣಿನ ಫೋಟೊ ಕಳುಹಿಸಬಹುದು, ಆದರೆ ಪಾದಕ್ಕೆ ಸ್ಪರ್ಶ ಉಳಿದಿದೆಯೇ ಎಂಬುದನ್ನು ನೈಲಾನ್ ಎಳೆ ಮುಟ್ಟಿಸಿಯೇ ತಿಳಿಯಬೇಕು. ಕಣ್ಣಿನ ಅಕ್ಷಿಪಟಲದ ಪರೀಕ್ಷೆಗೂ ಯಂತ್ರದ ಮುಂದೆ ಕೂರಬೇಕು. ಆದ್ದರಿಂದ ಎಷ್ಟೇ ಒಳ್ಳೆಯ ಅಂಕಿಗಳು ಬರುತ್ತಿದ್ದರೂ, ವರ್ಷಕ್ಕೊಮ್ಮೆಯಾದರೂ ಖುದ್ದಾಗಿ ಬಂದು ಚಪ್ಪಲಿ ಬಿಚ್ಚಿ ಪಾದ ತೋರಿಸಿ ಹೋಗಬೇಕೆಂದು ನನ್ನ ರೋಗಿಗಳಿಗೆಲ್ಲ ಹೇಳುತ್ತಿದ್ದೇನೆ.