ಇನ್ನೂ ಪೇಟೆಯಲ್ಲೇ ಇದ್ದೀರಾ?

ಬೆಂಗಳೂರಿನ ಹಳೇ ಪೇಟೆಯೊಳಗಿನ ಕಬ್ಬನ್‌ಪೇಟೆಯಲ್ಲಿ ಮನೆ ಅಂದಕೂಡಲೇ ಎಲ್ಲರೂ ಕೇಳುವುದು ಇದನ್ನೇ. "ಆ ಗಲಾಟೆಯಲ್ಲಿ ಹೇಗೆ ಸಂಸಾರ ಮಾಡ್ತೀರಿ? ಮಾರಿಬಿಟ್ಟು ಬೇರೆ ಕಡೆ ಹೋಗಬಾರದಾ?" ಮದುವೆಮನೆಯಲ್ಲಿ ನೆಂಟರು ಕೇಳುತ್ತಾರೆ, ಮಗಳ ಗೆಳತಿಯರ ಅಮ್ಮಂದಿರು ಕೇಳುತ್ತಾರೆ.

ಅವರೆಲ್ಲ ಸೀರೆ ತಗೊಳ್ಳಲು ಚಿಕ್ಕಪೇಟೆಗೆ ಬಂದು ಹೋದವರು, ಹಗಲಿನ ಪೇಟೆಯನ್ನಷ್ಟೇ ನೋಡಿದವರು. ಹಮಾಲಿಗಳ ಕೂಗು, ಲಗೇಜ್ ಆಟೋಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ, ಅದು ನಿಜ. ಆದರೆ ಆ ಜನಜಂಗುಳಿ ನನಗೆ ಯಾವತ್ತೂ ಕಷ್ಟ ಅನ್ನಿಸಿಲ್ಲ. ಹೂವು ತರಕಾರಿಗೆ ಕೆ.ಆರ್. ಮಾರ್ಕೆಟ್‌ಗೆ ನಡೆದೇ ಹೋಗುತ್ತೇನೆ. 2017ರಿಂದ ಚಿಕ್ಕಪೇಟೆಯಲ್ಲೇ ಮೆಟ್ರೊ ಇದೆ.

ನನ್ನನ್ನು ಕಾಡುವುದು ಷಟರ್ ಎಳೆದ ಮೇಲಿನ ಪೇಟೆ.

ನಾನು ಸೊಸೆಯಾಗಿ ಬಂದಾಗ ಈ ಗಲ್ಲಿಯ ತುಂಬ ಮಗ್ಗದ ಸದ್ದು. ಕೆಳಗೆ ರೇಷ್ಮೆ ಸೀರೆ ನೇಯುತ್ತಿದ್ದರು, ಮೇಲೆ ಒಲೆ ಉರಿಯುತ್ತಿತ್ತು. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿದಾಗಿನಿಂದ ಪೇಟೆ ಬೆಳೆದ ರೀತಿಯೇ ಹಾಗೆ. ಬಳೇಪೇಟೆಗೆ ಬಳೆ, ಅಕ್ಕಿಪೇಟೆಗೆ ಅಕ್ಕಿ. ಕಸುಬು ಎಲ್ಲಿಯೋ ಮನೆಯೂ ಅಲ್ಲೇ. ಈಗ ಮಗ್ಗಗಳು ಒಂದೊಂದಾಗಿ ನಿಂತಿವೆ. ಆ ಮನೆಗಳ ಕೆಳಗೂ ಗೋಡೌನ್, ಮೇಲೂ ಗೋಡೌನ್. ಸಂಸಾರಸ್ಥರಿಗಿಂತ ಗೋಡೌನಿನವರು ಹೆಚ್ಚು ಬಾಡಿಗೆ ಕೊಡುತ್ತಾರೆ. ನೀರು ಬರಲಿಲ್ಲ ಅನ್ನುವುದಿಲ್ಲ, ಸುಣ್ಣ ಬಳಿಸಿ ಅನ್ನುವುದಿಲ್ಲ. ಒಳಗೆ ಪ್ಲಾಸ್ಟಿಕ್ ಸಾಮಾನು, ರಟ್ಟಿನ ಪೆಟ್ಟಿಗೆ ಸೂರಿನ ತನಕ, ತಲೆ ಮೇಲೆ ಜೋತುಬಿದ್ದ ವೈರುಗಳು. ಎಲ್ಲಾದರೂ ಬೆಂಕಿ ಹತ್ತಿಕೊಂಡರೆ ಗಾಡಿ ಒಳಗೆ ಬರುವುದು ಹೇಗೆ ಎಂದು ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ.

ಹೋದ ವರ್ಷ ರಾತ್ರಿ ಹನ್ನೊಂದಕ್ಕೆ ನಮ್ಮ ಅತ್ತೆ ಬಚ್ಚಲಲ್ಲಿ ಬಿದ್ದರು. ಆಂಬುಲೆನ್ಸ್ ಗಲ್ಲಿಯ ಬಾಯಲ್ಲೇ ನಿಂತಿತು. ಮೊದಲಾಗಿದ್ದರೆ ಕೂಗಿದ್ದಕ್ಕೆ ಹತ್ತು ಮನೆಯವರು ಓಡಿಬರುತ್ತಿದ್ದರು. ಅವತ್ತು ಬಂದವರು ಎದುರಿನ ಗೋಡೌನಿನಲ್ಲಿ ಮಲಗುವ ಇಬ್ಬರು ರಾಜಸ್ಥಾನದ ಹುಡುಗರು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಗಾಡಿಯವರೆಗೆ ಹೊತ್ತುಕೊಂಡು ಹೋದರು. ಹೊರಗಿನವರು ಬಂದು ಪೇಟೆ ಕೆಟ್ಟಿತು ಅನ್ನುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಆ ಮಕ್ಕಳಿಗೆ ನಾವು ಅದುವರೆಗೆ ಊಟ ಆಯಿತಾ ಎಂದೂ ಕೇಳಿರಲಿಲ್ಲ. ಈಗ ಹಬ್ಬದ ಹೋಳಿಗೆ ಅವರಿಗೂ ಹೋಗುತ್ತದೆ.

ಚೈತ್ರದ ಹುಣ್ಣಿಮೆಗೆ ಮಾತ್ರ ಹಳೇ ಗಲ್ಲಿ ಮರಳಿ ಬರುತ್ತದೆ. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವ ರಾತ್ರಿ, ಮನೆ ಬಿಟ್ಟು ಹೋದವರೆಲ್ಲ ಮಕ್ಕಳು ಮೊಮ್ಮಕ್ಕಳ ಸಮೇತ ಬಂದು ನಮ್ಮ ಮನೆಯಲ್ಲೇ ಇಳಿಯುತ್ತಾರೆ. ಅವರ ಮನೆಗಳಿಗೆ ಬೀಗ ಬಿದ್ದಿದೆ, ಇಲ್ಲವೇ ಮಾಲು ತುಂಬಿದೆ. ಮಲ್ಲಿಗೆ ಹಿಡಿದು ಜಗಲಿಯ ಮೇಲೆ ಬೆಳಗಾಗುವತನಕ ಕಾಯುತ್ತೇವೆ.

ಬ್ರೋಕರ್ ತಿಂಗಳಿಗೊಮ್ಮೆ ಬರುತ್ತಾನೆ, ಒಳ್ಳೇ ರೇಟು ಹೇಳುತ್ತಾನೆ. ಕೊಳ್ಳುವವರು ಇಲ್ಲಿ ಇರುತ್ತಾರಾ ಎಂದು ಕೇಳಿದೆ. "ಇಲ್ಲ ಅಮ್ಮಾ, ಸ್ಟಾಕ್ ಇಡೋಕೆ" ಅಂದ. ನಮ್ಮ ಗಲ್ಲಿಯಲ್ಲಿ ಬೆಳಗ್ಗೆ ರಂಗೋಲಿ ಬೀಳುವ ಬಾಗಿಲು ಈಗ ನಾಲ್ಕೇ, ನಮ್ಮದೂ ಸೇರಿ. ಅದಕ್ಕೇ ಮಾರಿಲ್ಲ.